ಗುಂಡನ ಇಪ್ಪತ್ತೇಳು ಗ್ರಾಂ

ಮನೆ, ಅಡುಗೆಮನೆಯ ಮೇಜು
ಜುಲೈ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ನಿಮಗೆ,

ಹೇಗಿದ್ದೀರಿ? ಪತ್ರದಲ್ಲಿ ಮೊದಲು ಕೇಳುವ ಮಾತು ಅಂತ ಕೇಳುತ್ತಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ. ಮೊಣಕಾಲು ನೋವು ಹೇಗಿದೆ, ಸೇತುವೆ ಎಲ್ಲಿಗೆ ಬಂತು, ಕ್ಯಾಂಪಿನ ಅಡುಗೆಯವನಿಗೆ ಉಪ್ಪಿನ ಹದ ಇನ್ನಾದರೂ ತಿಳಿಯಿತೇ, ಎಲ್ಲ ಬರೆಯಿರಿ. ಫೋನು ಬಿಟ್ಟು ಕಾಗದ ಹಿಡಿದದ್ದಕ್ಕೆ ಕಾರಣವಿದೆ. ಫೋನಿನಲ್ಲಾದರೆ ಎರಡನೇ ಮಾತಿಗೇ ನೀವು ನಗಿಸಿಬಿಡುತ್ತೀರಿ, ನಾನು ಹೇಳಬೇಕೆಂದಿದ್ದು ಗಂಟಲಲ್ಲೇ ಉಳಿಯುತ್ತದೆ. ಈ ಸಲ ನನಗೆ ನಗುವ ಮನಸ್ಸಿಲ್ಲ.

ಮೂರು ವರ್ಷದ ಹಿಂದೆ ಸರ್ವೆ ಕೆಲಸಕ್ಕೆಂದು ಹೊರಡುವ ಮುನ್ನ ನೀವು ರಟ್ಟಿನ ಡಬ್ಬಿಯಲ್ಲಿ ಎರಡು ಜರ್ಬಿಲ್ ಮರಿಗಳನ್ನು ತಂದು, ಇಲಿಯ ದೂರದ ನೆಂಟರು ಎಂದು ಪರಿಚಯ ಮಾಡಿಕೊಟ್ಟಿರಿ. "ನಾನಿಲ್ಲದಾಗ ನಿನ್ನ ಕವಿತೆ ಕೇಳೋಕೆ ಯಾರಾದ್ರೂ ಬೇಕಲ್ಲೇ" ಅಂದಿರಿ. ಒಂದು ಹೋದ ವರ್ಷ ತೀರಿಕೊಂಡಿತು. ಉಳಿದವನು ಗುಂಡ. ನಾನು ಗಟ್ಟಿಯಾಗಿ ಓದುವಾಗ ಪುಸ್ತಕದ ಪಕ್ಕದಲ್ಲೇ ಕೂತು ರಟ್ಟು ಕಡಿಯುತ್ತಿದ್ದ. ಒಳ್ಳೆಯ ಸಾಲು ಬಂದಾಗ ಕಡಿಯುವುದನ್ನು ನಿಲ್ಲಿಸುತ್ತಾನೆ ಎಂದರೆ "ಹಲ್ಲು ನೋಯ್ತಿರುತ್ತೆ ಪಾಪ" ಅನ್ನುತ್ತಿದ್ದಿರಿ. ಅವನನ್ನು ತೂಗುವುದನ್ನು ಕಲಿಸಿದವರೂ ನೀವೇ. ಭಾನುವಾರ ಬೆಳಿಗ್ಗೆ, ತಿನ್ನುವ ಮೊದಲು, ಅಡುಗೆಮನೆಯ ತಕ್ಕಡಿಯ ಮೇಲೆ ಸ್ಟೀಲಿನ ಬಟ್ಟಲಿಟ್ಟು, ಸೊನ್ನೆಗೆ ತಂದು, ಆಮೇಲೆ ಅವನನ್ನು ಬಿಟ್ಟು, ಓದಿದ್ದನ್ನು ಕೂಡಲೇ ಬರೆಯಬೇಕು. "ಅಂದಾಜಿನ ಮೇಲೆ ಸೇತುವೆ ನಿಲ್ಲಲ್ಲ" ಅಂದಿದ್ದಿರಿ. ನನ್ನ ನೀಲಿ ನೋಟ್‌ಬುಕ್ಕಿನಲ್ಲಿ ಒಂದು ಕಡೆ ಇಷ್ಟವಾದ ಸಾಲುಗಳು, ಎದುರು ಪುಟದಲ್ಲಿ ಗುಂಡ. ತೊಂಬತ್ತನಾಲ್ಕು, ತೊಂಬತ್ತಮೂರು, ತೊಂಬತ್ತನಾಲ್ಕು.

ಮೇ ತಿಂಗಳಲ್ಲಿ ಉತ್ತರಪತ್ರಿಕೆ ತಿದ್ದಲು ನಾನು ಹತ್ತು ದಿನ ಹೋಗಿದ್ದಾಗ ನೀವು ರಜೆಯ ಮೇಲೆ ಬಂದು ಅವನನ್ನು ನೋಡಿಕೊಂಡಿರಿ. ವಾಪಸು ಬಂದ ಭಾನುವಾರ ತೂಗಿದರೆ ಅರವತ್ತೇಳು. ಮತ್ತೆ ಸೊನ್ನೆಗೆ ತಂದು ತೂಗಿದೆ, ಅಷ್ಟೇ. ನೀವು ಪೇಪರಿನಿಂದ ತಲೆ ಎತ್ತದೆ, ತಕ್ಕಡಿಯ ಬ್ಯಾಟರಿ ಹೋಗಿರಬೇಕು ಅಂದಿರಿ. ನೂರು ಗ್ರಾಮಿನ ಬೆಣ್ಣೆ ಪೊಟ್ಟಣ ಇಟ್ಟು ನೋಡಿದೆ, ನೂರೊಂದು ತೋರಿಸಿತು. ಆಗ ಹತ್ತಿರ ಬಂದು, "ನೀನಿಲ್ದೆ ಸೊರಗಿದಾನೆ ಕಣೆ, ಮುನಿಸಿಕೊಂಡಿದಾನೆ" ಅಂದಿರಿ. ಅವನು ಕೈಗೆ ಬರುತ್ತಿರಲಿಲ್ಲ, ಕವಿತೆಗೆ ಕಿವಿಗೊಡುತ್ತಿರಲಿಲ್ಲ. ನಾನು ನಂಬಿದೆ. ಆರು ವಾರ ಸೂರ್ಯಕಾಂತಿ ಬೀಜ ಬಿಡಿಸಿ ಬಿಡಿಸಿ ಇಟ್ಟೆ, ಊರು ಬಿಟ್ಟು ಹೋಗಿದ್ದಕ್ಕೆ ಆ ಪ್ರಾಣಿಯ ಕ್ಷಮೆ ಕೇಳಿದೆ. ತೂಕ ಮಾತ್ರ ಅರವತ್ತೇಳು, ಅರವತ್ತೆಂಟು, ಅರವತ್ತೇಳು.

ಮೊನ್ನೆ ಪಶುವೈದ್ಯರ ಹತ್ತಿರ ಒಯ್ದೆ. ನೋಟ್‌ಬುಕ್ ಮುಂದಿಟ್ಟು ನನ್ನ ತಪ್ಪನ್ನೆಲ್ಲ ಒಪ್ಪಿಸಿದೆ. ಆಕೆ ಅದನ್ನು ಅಂಗೈಯಲ್ಲಿ ಅಂಗಾತ ಮಾಡಿ, "ಮೇಡಂ, ಇದು ಹೆಣ್ಣು" ಅಂದರು. "ವರ್ಷಾನೂ ಆಗಿಲ್ಲ ಇದಕ್ಕೆ. ನೀವು ಬರ್ಕೊಂಡಿರೋದು ಮೂರು ವರ್ಷದ ಗಂಡಿನ ಲೆಕ್ಕ." ಅರವತ್ತೂ ಸರಿ, ನೂರೂ ಸರಿಯಂತೆ. ಗಂಡು ಸಾಮಾನ್ಯವಾಗಿ ದಪ್ಪ, ಹೆಣ್ಣು ಸಣ್ಣ, ಒಂದೇ ಸೂಲಿನ ಮರಿಗಳಲ್ಲೂ ಒಂದರ ಮೈ ಇನ್ನೊಂದಕ್ಕಿಲ್ಲ. "ಪಕ್ಕದ್ದಕ್ಕೆ ಹೋಲಿಸ್ಬೇಡಿ, ಅದರದೇ ಹೋದ ವಾರಕ್ಕೆ ಹೋಲಿಸಿ. ಬೆನ್ನು ಸವರಿದ್ರೆ ಮೂಳೆ ಚುಚ್ಚಬಾರದು, ಅಷ್ಟೆ" ಅಂದು, ಅದರ ಬೆನ್ನ ಮೇಲೆ ನನ್ನ ಬೆರಳನ್ನೇ ಇಟ್ಟು ತೋರಿಸಿದರು. ಬೆನ್ನು ತುಂಬಿಕೊಂಡಿತ್ತು. ಕಾಯಿಲೆಯೇ ಇಲ್ಲದ ಪ್ರಾಣಿಗೆ ನಾನು ಆರು ವಾರ ಆರೈಕೆ ಮಾಡಿದ್ದೆ.

ಮನೆಗೆ ಬಂದು ಬಾಲ್ಕನಿಯಲ್ಲಿ ಪುದೀನ ಕುಂಡದ ಮುಂದೆ ಕೂತೆ. ಗಿಡಕ್ಕೆ ಒಂದು ಲೋಟ ನೀರು ಹಾಕದ ನೀವು ಆ ರಜೆಯಲ್ಲಿ ಕುಂಡದ ಮಣ್ಣು ಬದಲಿಸಿದ್ದಿರಿ, ನಾನು ಎಷ್ಟು ಹಿಗ್ಗಿದ್ದೆ. ಕೆದಕಿ ನೋಡಲಿಲ್ಲ. ಪುದೀನ ಮಾತ್ರ ಆಮೇಲೆ ಕೊಯ್ದಿಲ್ಲ. ನಾನಿಲ್ಲದ ಆ ಹತ್ತು ದಿನದಲ್ಲಿ ಗುಂಡ ಸತ್ತಿದ್ದಕ್ಕೆ ನಿಮ್ಮ ಮೇಲೆ ಸಿಟ್ಟಿಲ್ಲ, ಮೂರು ವರ್ಷವೆಂದರೆ ಜರ್ಬಿಲ್‌ಗಳಿಗೆ ಮುಪ್ಪು. ಅದೇ ಬಣ್ಣದ್ದನ್ನು ಹುಡುಕಿಕೊಂಡು ನೀವು ಬಿಸಿಲಲ್ಲಿ ಅಂಗಡಿ ಅಲೆದಿರುತ್ತೀರಿ ಎಂಬುದೂ ಗೊತ್ತು. ನನಗೆ ನೋವಾಗಬಾರದು ಎಂದೇ ಮಾಡಿದ್ದು, ಇರಲಿ. ಆದರೆ ನನ್ನ ದುಃಖವನ್ನು ನೀವೇ ಎತ್ತಿಟ್ಟುಕೊಂಡು, ಅದರ ಬದಲಿಗೆ ಇಲ್ಲದ ತಪ್ಪೊಂದನ್ನು ನನ್ನ ತಲೆಗೆ ಕಟ್ಟಿದಿರಿ. ಅಳತೆಯೇ ಕಸುಬಾದವರು ನೀವು, ನನ್ನ ಕಣ್ಣೆದುರೇ ತಕ್ಕಡಿಯನ್ನು ಸುಳ್ಳುಗಾರನನ್ನಾಗಿ ಮಾಡಿದಿರಿ. ಇಪ್ಪತ್ತೈದು ವರ್ಷದಲ್ಲಿ ಹೀಗೆ ನನಗೆ ಬದಲಿ ಕೊಟ್ಟದ್ದು ಇನ್ನೇನೇನಿದೆಯೋ ಎಂದು ಒಂದೊಂದನ್ನೇ ಎತ್ತಿ ನೋಡುತ್ತಿದ್ದೇನೆ. ಇದು ಒಳ್ಳೆಯ ಕೆಲಸವಲ್ಲ, ನನಗೆ ಗೊತ್ತು.

ಹೆಣ್ಣು ಜರ್ಬಿಲ್ ಇಲ್ಲೇ ಇದೆ. ಅದರದೇನು ತಪ್ಪು? ಅದಕ್ಕೆ ಹೊಸ ಪುಟ ಹಾಕಿದ್ದೇನೆ, ಹೆಸರಿನ್ನೂ ಇಟ್ಟಿಲ್ಲ. ಬಿಸಿಲಲ್ಲಿ ಟೋಪಿ ಮರೆಯಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂದಿಗೂ ನಿಮ್ಮವಳೇ ಆದ,
ಪುಸ್ತಕದ ಹುಳು

ಮರೆತಿದ್ದೆ: ಬೀರುವಿನಲ್ಲಿ ನೀವು ಬಿಟ್ಟುಹೋದ ಬೆಲ್ಟು ಸಿಕ್ಕಿತು. ಹಳೆಯ ತೂತುಗಳಿಗಿಂತ ಒಳಗೆ ಮೊಳೆಯಿಂದ ಹೊಡೆದ ಎರಡು ಹೊಸ ತೂತುಗಳಿವೆ. ತೂಕ ಕೇಳಿದಾಗಲೆಲ್ಲ "ಈಗ್ಲೂ ಎಪ್ಪತ್ತೆಂಟೇ ಕಿಲೋ ಕಣೆ, ನಮ್ಮನೇಲಿ ಎಲ್ರದ್ದೂ ಸಣ್ಣ ಮೈ" ಅಂದಿದ್ದೀರಿ. ಆ ರಜೆ ಮುಗಿಸಿ ನೀವು ಹೊರಟ ದಿನ ನಿಮ್ಮ ಬೆನ್ನ ಮೇಲೆ ಕೈಯಿಟ್ಟಾಗ ಮೂಳೆ ಚುಚ್ಚಿತು, ಅದರ ಅರ್ಥ ಮೊನ್ನೆ ತಿಳಿಯಿತು. ಜೂನ್ ತಿಂಗಳ ಡಾಕ್ಟರ್ ವರದಿಯಲ್ಲಿ "ಏನೂ ಇಲ್ಲ" ಅಂದಿರಲ್ಲ, ಆ ಕಾಗದವನ್ನೇ ಕಳಿಸಿ. ಜೊತೆಗೆ ಇವತ್ತಿನ ತೂಕದ ಚೀಟಿ. ನಿಮ್ಮ ಮಾತು ಬೇಡ.