ಮನೆಯವರು ಎಂದರೆ ಯಾರು, ಮಾನ್ಯರೇ?

ನದಿತೀರದ ವಿಹಾರಧಾಮಗಳ ಮಾನ್ಯ ನಿರ್ದೇಶಕರೇ,

ನಾನು ನನ್ನ ಅಕ್ಕನ ಗಂಡನಲ್ಲ. ಹುಟ್ಟಿದಾಗಿನಿಂದ ಅವಳ ತಮ್ಮ. ಇಷ್ಟು ಸಣ್ಣ ಸಂಗತಿಯನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಸಾರಬೇಕಾದ ಸ್ಥಿತಿಗೆ ನಿಮ್ಮ ಇಲಾಖೆ ನನ್ನನ್ನು ತಂದಿದೆ. ಕಳೆದ ವಾರ ನಿಮ್ಮ ವಿಹಾರಧಾಮದ ಸಿಬ್ಬಂದಿ ಮೊದಲು ನಮ್ಮಿಬ್ಬರನ್ನು ದಂಪತಿ ಮಾಡಿದರು. ಅಲ್ಲವೆಂದು ಗೊತ್ತಾದ ಮೇಲೆ ಗೇಟಿನ ಆಚೆ ಹೋಗುವಂತೆ ಮಾಡಿದರು. ಮೊದಲನೆಯದನ್ನು ಕಿವಿಯ ದೋಷವೆಂದು ಕ್ಷಮಿಸಬಲ್ಲೆ. ಎರಡನೆಯದು ನಿಮ್ಮ ನಿಯಮವಂತೆ. ಆದ್ದರಿಂದ ಈ ಪತ್ರ.

ನಾನು ಅಚ್ಚುಕೂಟದಲ್ಲಿ ಕರಡು ತಿದ್ದುತ್ತ ನಿವೃತ್ತನಾದವನು. ಇನ್ನೊಬ್ಬರ ತಪ್ಪು ಹುಡುಕುವುದಕ್ಕೆ ಸಂಬಳ ಪಡೆದವನು. ಈಗ ಅದೇ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದ್ದೇನೆ. ಅಕ್ಕ ಬಟ್ಟೆ ಹೊಲಿಯುವವಳು. ನಮ್ಮ ಬೀದಿಯ ಮಕ್ಕಳೆಲ್ಲ ಅವಳು ಹೊಲಿದ ಸಮವಸ್ತ್ರದಲ್ಲೇ ಶಾಲೆಗೆ ಹೋದವರು. ಅವಳು ಗಂಡನನ್ನು ಕಳೆದುಕೊಂಡವಳು, ನಾನು ಮದುವೆಯಾಗಲು ಮರೆತವನು. ಅವಳ ಮನೆಯಲ್ಲಿ, ಅವಳ ಹೊಲಿಗೆ ಯಂತ್ರದ ಸದ್ದಿನಲ್ಲಿ, ಅವಳ ಬೈಗುಳದ ನೆರಳಿನಲ್ಲಿ ನನ್ನ ವಾಸ. ಯಂತ್ರ ತುಳಿದು ತುಳಿದು ಅವಳ ಮೊಣಕಾಲುಗಳು ಸವೆದಿವೆ. ಮುಂದಿನ ತಿಂಗಳು ಎರಡನ್ನೂ ಬದಲಿಸುತ್ತಾರೆ. ‘ಆಮೇಲೆ ಆರಾಮಾಗಿ ನಡೀಬಹುದು. ಆದ್ರೆ ನೆಲದ ಮೇಲೆ, ತಗ್ಗಿನಲ್ಲಿ ಎಲ್ಲೂ ಕೂರಬಾರದು’ ಎಂದರು ವೈದ್ಯರು. ‘ಹಾಗಾದ್ರೆ ಅದಕ್ಕೆ ಮುಂಚೆ ಒಂದ್ಸಲ ಹೊಳೆ ಮೆಟ್ಟಿಲ ಮೇಲೆ ಕೂತು, ನೀರಲ್ಲಿ ಕಾಲು ಬಿಟ್ಕೊಂಡು ಬರ್ತೀನಿ’ ಎಂದಳು ಅಕ್ಕ. ವೈದ್ಯರು ನಕ್ಕರು. ಅವಳು ನಗಲಿಲ್ಲ.

ನಮ್ಮ ಹುಟ್ಟೂರಿನ ಆ ಮೆಟ್ಟಿಲುಗಳ ಸಂಗತಿ ನಿಮಗೆ ತಿಳಿದಿರಲಾರದು. ನಿಮ್ಮ ಇಲಾಖೆ ಕಣ್ಣು ಬಿಡುವುದಕ್ಕೆ ಮೊದಲು ಅಲ್ಲಿ ದೋಣಿ ನಿಲ್ಲುತ್ತಿತ್ತು. ಊರೆಲ್ಲ ಅಲ್ಲಿ ಕೂತೇಳುತ್ತಿತ್ತು. ಕಟ್ಟಕಡೆಯ ಕಲ್ಲಿನ ಮೇಲೆ ಕೂತು, ನನ್ನ ಚಡ್ಡಿಯ ಪಟ್ಟಿ ಹಿಡಿದು, ಅಕ್ಕ ನನಗೆ ಈಜು ಕಲಿಸಿದಳು. ನಾನು ಮುಳುಗಿದಾಗಲೆಲ್ಲ ‘ಬಾಯಿ ಮುಚ್ಚೋ, ಅದೊಂದು ಕಲಿತರೆ ತೇಲ್ತೀಯ’ ಎನ್ನುತ್ತಿದ್ದಳು. ಬಾಯಿ ಮುಚ್ಚುವುದನ್ನು ನಾನು ಪೂರ್ತಿ ಕಲಿಯಲಿಲ್ಲ. ಈ ಪತ್ರವೇ ಸಾಕ್ಷಿ. ಆ ಕಾಲದಲ್ಲಿ ಅಲ್ಲಿ ಕೂತ ಯಾರನ್ನೂ ‘ನೀವು ಇವರಿಗೆ ಏನಾಗಬೇಕು’ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಆಮೇಲೆ ನೀವು ಬಂದಿರಿ. ಬೇಲಿ ಬಂತು. ಈಗ ಕೋಣೆ ಹಿಡಿದವರಿಗಷ್ಟೇ ನದಿ.

ಇರಲಿ, ಕೋಣೆಯನ್ನೇ ಹಿಡಿಯೋಣ ಎಂದುಕೊಂಡೆವು. ನಿಮ್ಮ ಪ್ರಕಟಣೆ ತರಿಸಿದೆ. ಅದರ ಮೇಲೆ ದಪ್ಪಕ್ಷರದಲ್ಲಿ ‘ತೀರದ ಸುಖ’ ಎಂದಿತ್ತು. ದಡದ ಸುಖವೋ ಮುಗಿಯದ ಸುಖವೋ ಎಂದು ನಾನು ಒಂದು ಸಂಜೆಯೆಲ್ಲ ಯೋಚಿಸಿದೆ. ‘ಎರಡೂ ಸಿಕ್ಕರೆ ತಗೊಳ್ಳೋಣ, ಮುಂದಕ್ಕೆ ಓದು’ ಎಂದಳು ಅಕ್ಕ. ಕೆಳಗೆ ‘ದಂಪತಿಗಳಿಗೆ ಮತ್ತು ಕುಟುಂಬಗಳಿಗೆ’ ಎಂದಿತ್ತು. ಒಂದೇ ಸೂರಿನಡಿ ಉಂಡು ಜಗಳವಾಡುವ ನಾವು ಕುಟುಂಬವಲ್ಲದೆ ಮತ್ತೇನು ಎಂಬ ಧೈರ್ಯ ನಮ್ಮದು. ಅಕ್ಕ ಉಳಿದ ಬಟ್ಟೆಯಲ್ಲಿ ಒಂದು ಚೀಲ ಹೊಲಿದಳು, ಒದ್ದೆ ಬಟ್ಟೆಗೆಂದು ಅದಕ್ಕೊಂದು ಬೇರೆ ಜೇಬು ಇಟ್ಟಳು. ಬಸ್ಸಿನಲ್ಲಿ ಯಾವ ಪಕ್ಕ ಕೂತರೆ ನದಿ ಮೊದಲು ಕಾಣುತ್ತದೆ ಎಂಬ ಬಗ್ಗೆ ನಮ್ಮ ನಡುವೆ ಎರಡು ದಿನ ಮಾತು ನಿಂತಿತ್ತು. ಪ್ರವಾಸದ ಸಿದ್ಧತೆ ಅಂದರೆ ಇಷ್ಟೇ ಅಲ್ಲವೇ?

ಕೋಣೆ ಕಾಯ್ದಿರಿಸಲು ಫೋನು ಮಾಡಿದೆ. ನಿಮ್ಮ ಕಚೇರಿಯವರು ಬಹಳ ಮರ್ಯಾದೆಯಿಂದ ಮಾತಾಡಿದರು.

‘ಎಷ್ಟು ಜನ ಸಾರ್?’

‘ಇಬ್ಬರು.’

‘ಜೊತೆಗೆ ಬರೋರು ಮನೆಯವರಾ, ಹೊರಗಿನವರಾ?’

‘ಮನೆಯವರೇ.’

ಇದಿಷ್ಟೇ ನಡೆದದ್ದು. ಜೀವಮಾನವೆಲ್ಲ ಪದ ತಿದ್ದಿದವನು ಆ ಒಂದು ಪದದಲ್ಲಿ ಎಡವಿದೆ. ಮನೆಯವರು ಎಂದರೆ ಮನೆಯಲ್ಲಿ ಇರುವವರು. ಆದರೆ ಹೆಂಡತಿ ಎನ್ನಲು ನಾಚುವ ಗಂಡಸರೂ ಗಂಡ ಎನ್ನಲು ನಾಚುವ ಹೆಂಗಸರೂ ಆ ಪದವನ್ನು ಎಂದೋ ಬಾಡಿಗೆಗೆ ಹಿಡಿದು, ಇಂದಿಗೂ ಖಾಲಿ ಮಾಡದೆ ಕೂತಿದ್ದಾರೆ. ಅದು ಅಂದು ನನ್ನ ನೆನಪಿಗೆ ಬರಲಿಲ್ಲ.

ಕೋಣೆ ಚೆನ್ನಾಗಿತ್ತು. ಹಾಸಿಗೆಯ ಮೇಲೆ ಎರಡು ಟವೆಲನ್ನು ಹಂಸಗಳಂತೆ ಮಡಚಿ, ಕೊಕ್ಕಿಗೆ ಕೊಕ್ಕು ತಾಗಿಸಿ ನಿಲ್ಲಿಸಿದ್ದರು. ಸುತ್ತ ಹೂವಿನ ಪಕಳೆಗಳು. ‘ಒಳ್ಳೇ ಟವೆಲ್ ಕಣೋ, ಯಾಕೆ ಹೀಗೆ ಕುತ್ತಿಗೆ ಹಿಚುಕಿದ್ದಾರೆ?’ ಎಂದು ಅಕ್ಕ ಹಂಸಗಳನ್ನು ಬಿಚ್ಚಿ ನೀಟಾಗಿ ಮಡಚಿಟ್ಟಳು. ‘ಹಾಸಿಗೆ ಕೊಡವೋ ಅಭ್ಯಾಸ ಇಲ್ಲ ಇವರಿಗೆ’ ಎಂದು ಪಕಳೆಗಳನ್ನು ಗುಡಿಸಿ ಬುಟ್ಟಿಗೆ ಹಾಕಿದಳು. ಆಮೇಲೆ ಚಪ್ಪಲಿ ಬಿಟ್ಟು ಮೆಟ್ಟಿಲ ಕಡೆ ಹೊರಟೆವು.

ಅರ್ಧ ಇಳಿದಿದ್ದೆವು. ಪಾಚಿ ಕಂಡು, ‘ಅಕ್ಕಾ, ಜಾರತ್ತೆ, ಕೈ ಕೊಡು’ ಎಂದೆ. ಮೇಲೆ ನಿಂತಿದ್ದ ನಿಮ್ಮ ವ್ಯವಸ್ಥಾಪಕರು ಕೂಗಿದರು:

‘ಏನಂದ್ರಿ ಸಾರ್?’

‘ಜಾರತ್ತೆ ಅಂದೆ.’

‘ಅಲ್ಲ, ಅದಕ್ಕೆ ಮುಂಚೆ.’

‘ಅಕ್ಕಾ ಅಂದೆ.’

ನೀರು ಇನ್ನೂ ಕೆಳಗಿತ್ತು. ನಮ್ಮನ್ನು ಮೇಲೆ ಕರೆಸಿ ಕಚೇರಿಯಲ್ಲಿ ಕೂರಿಸಿದರು.

‘ಮನೆಯವರು ಅಂದಿದ್ರಂತೆ?’

‘ಒಂದೇ ಮನೆ.’

‘ದಂಪತಿ ಅಲ್ವಾ?’

‘ಅಯ್ಯೋ, ಇವನನ್ನ ಕಟ್ಕೊಳ್ಳೋರು ಇದ್ದಿದ್ರೆ ನನ್ನ ತಲೆ ಮೇಲೆ ಯಾಕೆ ಕೂತಿರ್ತಿದ್ದ?’ ಎಂದಳು ಅಕ್ಕ.

ಕುಟುಂಬವೆಂದು ಬದಲಿಸಿ ಎಂದೆ. ಕುಟುಂಬವೆಂದರೆ ದಂಪತಿ ಮತ್ತು ಅವರ ಮಕ್ಕಳು ಎಂದು ನಿಯಮ ಓದಿದರು. ‘ಹಾಗಾದ್ರೆ ಮಗ ಅಂತ ಬರ್ಕೊಳ್ಳಿ. ಸಾಕಿದ್ದು ನಾನೇ’ ಎಂದಳು. ವ್ಯವಸ್ಥಾಪಕರು ಅದನ್ನು ನಿಜಕ್ಕೂ ಪರಿಶೀಲಿಸಿದರು. ‘ಆಗಲ್ಲಮ್ಮ. ಮಗ ಆದ್ರೆ ತಂದೆ ಎಲ್ಲಿ ಅಂತ ಕೇಳ್ತಾರೆ.’

ಅವರು ಕೆಟ್ಟವರಲ್ಲ. ನಿಮ್ಮ ನಿಯಮದೊಳಗೇ ಒಂದು ಕಿಂಡಿ ಹುಡುಕಿದರು. ‘ದಂಪತಿ ಅಂತಾನೇ ಇರ್ಲಿ ಬಿಡಿ. ಇಲ್ಲಿ ಇರೋ ತನಕ ಅಕ್ಕ ಅಂತ ಮಾತ್ರ ಕರೀಬೇಡಿ. ಬೇರೆ ಅತಿಥಿಗಳು ಏನಂದ್ಕೋತಾರೆ?’

‘ಮತ್ತೇನಂತ ಕರೀಲಿ?’

‘ಏನೂ ಕರೀಬೇಡಿ ಸಾರ್. ಎಷ್ಟೋ ಗಂಡಂದಿರು ಇಲ್ಲಿಗೆ ಬಂದು ಮಾತೇ ಆಡಲ್ಲ.’

ಅವಳ ಮೊಣಕಾಲನ್ನು ನೆನಪಿಸಿಕೊಂಡು ನಾನು ತಲೆಯಾಡಿಸುವುದರಲ್ಲಿದ್ದೆ. ಅಕ್ಕ ಎದ್ದಳು. ‘ಇವನು ಬಾಯಿಬಿಟ್ಟು ಮೊದಲು ಅಂದಿದ್ದೇ ಅಕ್ಕ ಅಂತ. ಅಮ್ಮ ಅನ್ನೋಕೂ ಮುಂಚೆ. ಅಮ್ಮ ಅದಕ್ಕೆ ಬೇಜಾರೂ ಮಾಡ್ಕೊಂಡಿದ್ಲು. ನಿಮ್ಮ ಹೊಳೆಗೋಸ್ಕರ ಅದನ್ನ ನುಂಗ್ಕೊಳ್ಳೋದು ಬೇಡ. ನಡಿಯೋ.’ ಒದ್ದೆ ಬಟ್ಟೆಯ ಜೇಬು ಒಣಗಿದ್ದಂತೆಯೇ ಮನೆಗೆ ಬಂತು.

ಮಾನ್ಯರೇ, ನಾವು ಹೊರಬರುವಾಗ ಒಂದು ಜೋಡಿ ಒಳಗೆ ಬರುತ್ತಿತ್ತು. ಗಂಡ ಮುಂದೆ, ಹೆಂಡತಿ ದೂರದಲ್ಲಿ ಹಿಂದೆ, ನಡುವೆ ಒಂದು ಪೆಟ್ಟಿಗೆ ಮತ್ತು ಎಷ್ಟೋ ದಿನದ ಮುನಿಸು. ಒಬ್ಬರ ಮುಖ ಒಬ್ಬರು ನೋಡದ ಅವರಿಗೆ ನದಿಗೆ ಮುಖಮಾಡಿದ ಕೋಣೆ ಸಿಕ್ಕಿತು. ಅವರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ನದಿ ಅವರಿಗೂ ಬೇಕು, ಬಹುಶಃ ನಮಗಿಂತ ಹೆಚ್ಚಾಗಿ. ಆದರೆ ಮಗಳನ್ನು ಒಬ್ಬನೇ ಬೆಳೆಸುತ್ತಿರುವ ತಂದೆ ಎಲ್ಲಿ ಹೋಗಬೇಕು? ಅಜ್ಜಿಯ ಜೊತೆ ಬಂದ ಮೊಮ್ಮಗಳು? ಅತ್ತೆಯೂ ವಿಧವೆ, ಸೊಸೆಯೂ ವಿಧವೆ ಆಗಿರುವ ಮನೆ? ಇವರೆಲ್ಲ ನಿಮ್ಮ ಲೆಕ್ಕದಲ್ಲಿ ಗುಂಪೋ, ಜಾತ್ರೆಯೋ? ಆ ನದಿಯೇ ಮೇಲೆಲ್ಲೋ ಎರಡು ತೊರೆ ಕೂಡಿ ಆದದ್ದು. ಅವು ಒಂದಕ್ಕೊಂದು ಏನಾಗಬೇಕು ಎಂದು ನಿಮ್ಮ ಇಲಾಖೆ ವಿಚಾರಿಸಿದ್ದುಂಟೇ? ಒಡಹುಟ್ಟಿದವು ಎಂದು ಗೊತ್ತಾದರೆ ನೀರನ್ನು ವಾಪಸು ಕಳಿಸುತ್ತೀರಾ?

ನನಗೆ ಕ್ಷಮಾಪಣೆ ಬೇಡ. ಕೋಣೆ ಬೇಡ, ಹಂಸ ಬೇಡ, ಪಕಳೆಯಂತೂ ಬೇಡವೇ ಬೇಡ. ಕೋಣೆಗಳನ್ನು ಯಾರಿಗೆ ಬೇಕಾದರೂ ಕೊಡಿ, ಮೆಟ್ಟಿಲನ್ನು ಊರಿಗೆ ಬಿಡಿ. ಬೇಲಿಯಲ್ಲಿ ಒಂದು ದಾರಿ ತೆಗೆಯಿರಿ. ಆಸ್ಪತ್ರೆಯವರು ಅಕ್ಕನ ಮೊಣಕಾಲಿಗೆ ದಿನ ಗೊತ್ತುಮಾಡಿದ್ದಾರೆ; ನಿಮ್ಮ ಕಡತ ಅದಕ್ಕಿಂತ ಮೊದಲು ನಡೆಯಲು ಕಲಿಯಬೇಕು. ಬರುವ ಭಾನುವಾರ ಬೆಳಿಗ್ಗೆ ಅದೇ ಚೀಲ ಹಿಡಿದು ಗೇಟಿಗೆ ಬರುತ್ತೇವೆ. ಇವರು ಏನಾಗಬೇಕು ಎಂದು ಕೇಳಿದರೆ ಅಕ್ಕ ಎಂದೇ ಹೇಳುತ್ತೇನೆ, ಈ ಸಲ ಸ್ವಲ್ಪ ಜೋರಾಗಿ.

ನೀವು ಮಾರುವುದು ತೀರದ ಸುಖ. ನನ್ನ ಅಕ್ಕನದು ತೀರದ ಆಸೆ. ಪದ ಒಂದೇ, ಅರ್ಥ ಎರಡು. ಅವಳ ಪಾಲಿಗೆ ಯಾವ ಅರ್ಥ ಉಳಿಯಬೇಕು ಎಂಬುದು ಗೇಟಿನ ಬೀಗದ ಕೈ ಇಟ್ಟುಕೊಂಡ ನಿಮ್ಮ ಕೈಯಲ್ಲಿದೆ. ಇಷ್ಟು ವರ್ಷ ಕರಡು ತಿದ್ದಿದ ನನ್ನಿಂದ ಇದೊಂದನ್ನು ತಿದ್ದಲು ಆಗುತ್ತಿಲ್ಲ.

ಇಂತಿ,
ಅಕ್ಕನ ಮನೆಯಲ್ಲೇ ಇದ್ದೂ ಅಕ್ಕನ ‘ಮನೆಯವರು’ ಆಗಲಾರದ,
ಬರೀ ತಮ್ಮ