ಅಮ್ಮನ ಎತ್ತರದ ಉಂಗುರ

ಚಿಗುಸಾ,

ಅನ್ನ ಕುಕ್ಕರಿನಲ್ಲಿದೆ. ಮಿಸೊ ಸಾರು ಬಿಸಿ ಮಾಡಿಕೋ, ಕುದಿಸಬೇಡ. ನಿನ್ನ ಚಹಾ ಬಟ್ಟಲಿನ ಪಕ್ಕ ನನ್ನ ನಿಶ್ಚಿತಾರ್ಥದ ಉಂಗುರ ಇಟ್ಟಿದ್ದೇನೆ, ಒಡವೆ ಅಂಗಡಿಗೆ ತೆಗೆದುಕೊಂಡು ಹೋಗು.

ನಿನ್ನ ನಿಶ್ಚಿತಾರ್ಥಕ್ಕೆ ಇದನ್ನೇ ತೊಟ್ಟುಕೋ ಅಂದದ್ದಕ್ಕೆ ನಿನ್ನೆ ನೀನು "ಅಮ್ಮಾ, ಇದೇನು ಉಂಗುರಾನೋ ಟಿವಿ ಗೋಪುರಾನೋ?" ಅಂದಾಗ ಸಿಟ್ಟು ಬಂದದ್ದು ನಿಜ. ನಮ್ಮ ಕಾಲದಲ್ಲಿ ಲೋಹದ ಆರು ಪುಟ್ಟ ಕಾಲಿನ ಮೇಲೆ ಎತ್ತರಕ್ಕೆ ನಿಂತ ದುಂಡು ವಜ್ರವೇ ಎಲ್ಲ ಹುಡುಗಿಯರ ಕನಸು. ನಿಮ್ಮಪ್ಪ ಕೋಫು ನಿಲ್ದಾಣದಲ್ಲಿ ಅದನ್ನು ತೊಡಿಸಿದ ಮರುಗಳಿಗೆಯೇ ಅದು ಅವರ ಸ್ವೆಟರಿಗೆ ಸಿಕ್ಕಿಕೊಂಡಿತು. ನೂಲು ಬಿಡಿಸುತ್ತ ಕೂತು ಎರಡು ರೈಲು ತಪ್ಪಿಸಿಕೊಂಡೆವು. ಬಿಡಿಸುವ ಆತುರ ಇಬ್ಬರಿಗೂ ಇರಲಿಲ್ಲ ಅನ್ನು.

ಈಗ ಬೆರಳಿಗೆ ಅಂಟಿ ಕೂರುವ ತೆಳು ಉಂಗುರ, ಮೊಟ್ಟೆಯಾಕಾರದ ಕಲ್ಲು ಬಂದಿವೆ. ಅಮ್ಮಂದಿರ ಉಂಗುರದ ಕಲ್ಲು ಬಿಚ್ಚಿಸಿ ಹೊಸದು ಮಾಡಿಸುವುದೂ ರೂಢಿಯಂತೆ. ರಾತ್ರಿ ಯೋಚಿಸಿದೆ. ದಿನವಿಡೀ ರೋಗಿಗಳನ್ನು ಎತ್ತಿ ಮಲಗಿಸುವ ನಿನಗೆ ಕೈಗವಸು ಹರಿಯುವ ಉಂಗುರ ಯಾಕೆ? ನಿನಗೆ ಬೇಕಾದ ಹಾಗೆ ಮಾಡಿಸಿಕೋ. ದುಂಡು ಕಲ್ಲು ಮಾತ್ರ ಮೊಟ್ಟೆಯಾಗುವುದಿಲ್ಲ, ಅಷ್ಟು ಸಹಿಸಿಕೋ.

ಬೆಳಿಗ್ಗೆ ಸೋಪು ಹಚ್ಚಿ ತೆಗೆದೆ. ಮೂವತ್ತೆಂಟು ವರ್ಷದ ಬಿಳಿ ಗುರುತು ಉಳಿದಿದೆ. ವಾಕಿಂಗಿಗೆ ಹೊರಡುವಾಗ ಅಪ್ಪ ಬರಿ ಬೆರಳು ನೋಡಿದರು. "ಚಳಿ ಆಗಲ್ವೇನೇ?" ಅಂದವರೇ ನನ್ನ ಎಡಗೈ ಎಳೆದು ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡರು. ಚೀಟಿ ಬರೀಬೇಕು ಬಿಡಿ ಅಂದರೂ ಬಿಡುತ್ತಿಲ್ಲ. ಒತ್ತಿ ಹಿಡಿಯಲು ಇನ್ನೊಂದು ಕೈಯಿಲ್ಲದೆ ಕಾಗದ ಜಾರುತ್ತಿದೆ, ಅದಕ್ಕೇ ಅಕ್ಷರ ಹೀಗೆ ಸೊಟ್ಟ.

ಅಮ್ಮ