ಟರ್ಬೈನಿನ ಎರಡು ಪೈಪನ್ನು ಒಂದು ಮಾಡಿದವರಿಗೆ

ಸಕ್ಕರೆ ಕಾರ್ಖಾನೆಯ ವಿದ್ಯುತ್ ಘಟಕದ ಮುಖ್ಯಸ್ಥರಿಗೆ,

ಮಾನ್ಯರೇ, ಹೊಸ ಟರ್ಬೈನಿನ ಕೆಳಗೆ ನೀರು ಇಳಿಯಲೆಂದು ನಾನು ನಕ್ಷೆಯಲ್ಲಿ ಬಿಡಿಸಿಕೊಟ್ಟಿದ್ದ ಎರಡು ಪೈಪುಗಳು ಉದ್ಘಾಟನೆಗೆ ಬರುವ ಅತಿಥಿಗಳ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲವೆಂದು ಅವನ್ನು ಸೇರಿಸಿ ಒಂದೇ ಮಾಡಿಸಿದ್ದೀರಿ. ಬದಲಾದ ನಕ್ಷೆಗೆ ಈಗ ನನ್ನ ಸಹಿ ಕೇಳುತ್ತಿದ್ದೀರಿ. ಕೊಡಲಾರೆ. ಕಚೇರಿಗೆ ಬರೆದಾಗಲೆಲ್ಲ 'ಗಮನಿಸಲಾಗಿದೆ' ಎಂಬ ಉತ್ತರ ಬಂದಿದ್ದರಿಂದ, ಇನ್ನಾರಾದರೂ ಗಮನಿಸಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಹಳೆಯ ಟರ್ಬೈನ್ ತೆಗೆದು ಹೊಸದನ್ನು ಕೂರಿಸುವಾಗ, ಒಳಗೆ ಹಬೆ ತಣಿದು ಆಗುವ ನೀರಿಗೆ ಹೊರದಾರಿ ಬಿಡಿಸುವುದು ನನ್ನ ಕಸುಬು. ಇಂಗ್ಲಿಷ್ ಮೀಡಿಯಂನಲ್ಲಿ ಓದಿಸಿದ ಅಪ್ಪ ನೆಂಟರ ಮುಂದೆ 'ಪವರ್ ಪ್ಲಾಂಟ್ ಡಿಸೈನರ್' ಎನ್ನುತ್ತಿದ್ದರು. ಅತ್ತೆ ಮೀನಾಕ್ಷಮ್ಮನವರ ವಿವರಣೆ ಹೆಚ್ಚು ನಿಖರ: "ನಮ್ ಸೊಸೆ ಮೋರಿ ಬರೀತಾಳೆ ಕಣಮ್ಮ."

ಈಚೆಗೆ ಕೆರಗೋಡಿನ ನಮ್ಮ ಮನೆಗೆ ಮಹಡಿ ಕಟ್ಟಿಸಿದೆವು. ಮೇಲಿನ ಬಚ್ಚಲಿಗೊಂದು, ಕೆಳಗಿನ ಅಡುಗೆಮನೆಯ ಸಿಂಕಿಗೊಂದು ಪೈಪು ಇರಲಿ ಎಂದೆ. ಗೋಡೆಯ ಅಂದ ಕೆಡುತ್ತದೆ, ಒಂದೇ ಸಾಕು ಎಂದರು ಅತ್ತೆ. ನೀರಿನ ಒತ್ತಡವನ್ನು ನಾನು ಅರ್ಧ ಇಂಗ್ಲಿಷಿನಲ್ಲಿ ವಿವರಿಸತೊಡಗಿದೆ. "ಪಾಟ ಬುಡವ್ವ, ಮೊದ್ಲು ಕಾಪಿ ಕಾಸು" ಎಂದರು. ಕಾಸಿದೆ. ಮಹಡಿಯಲ್ಲಿ ಹಾಲುಕ್ಕಿಸಿದ ದಿನ ಯಾರೋ ಬಚ್ಚಲಿನಲ್ಲಿ ಬಕೆಟ್ಟುಗಟ್ಟಲೆ ನೀರು ಸುರಿದರು. ಸೋಪಿನ ನೊರೆ ಕೆಳಗಿನ ಸಿಂಕಿನಲ್ಲಿ ಎದ್ದು, ನೆನೆಹಾಕಿದ್ದ ಅವರೆಕಾಳನ್ನೆಲ್ಲ ಮುಚ್ಚಿತು. "ಇಂಜಿನೀರು ಮನೇಲೇ ಇದ್ಕಂಡು ಇದ್ಯಾಕವ್ವ ಇಂಗಾಯ್ತು?" ಎಂದು ಅತ್ತೆ ನನ್ನನ್ನೇ ಕೇಳಿದರು. ಹೇಳಿದ್ದೆನಲ್ಲ ಎನ್ನುವ ಧೈರ್ಯ ಸಾಲದೆ ಕಾಳು ತೊಳೆದೆ.

ಟರ್ಬೈನಿನಲ್ಲಿ ಹಾಗೆ ತೊಳೆದು ಮುಗಿಸಲಾಗದು. ನೀವು ಸೇರಿಸಿದ ಪೈಪುಗಳಲ್ಲಿ ಒಂದು ಹೆಚ್ಚು ಒತ್ತಡದ ಕಡೆಯದು, ಇನ್ನೊಂದು ಕಡಿಮೆ ಒತ್ತಡದ ಕಡೆಯದು. ಮೊದಲನೆಯದು ಎರಡನೆಯದರ ನೀರನ್ನು ಹಿಂದಕ್ಕೆ, ರಭಸವಾಗಿ ತಿರುಗುವ ಅಲಗುಗಳ ಮೇಲೆ ನೂಕುತ್ತದೆ. ನೀರು ಬಡಿದು ಮುರಿದ ಅಲಗು ಎತ್ತ ಹಾರುತ್ತದೆಂದು ಯಾವ ನಕ್ಷೆ ಹೇಳೀತು? ಅತಿಥಿಗಳೇನೋ ಹಾರ ಹಾಕಿಸಿಕೊಂಡು ಹೋಗುತ್ತಾರೆ. ಯಂತ್ರ ಶುರುಮಾಡುವಾಗ ಪಕ್ಕದಲ್ಲೇ ನಿಂತು ವಾಲ್ವ್ ತಿರುಗಿಸುವವರು ಆಪರೇಟರ್ ಲಿಂಗರಾಜು.

ಮೊನ್ನೆ ಅವರು ಕೇಳಿದರು: "ಮೇಡಂ, ಸೈನ್ ಆಕ್ಬುಟ್ರಾ? ಆಕಿದ್ರೆ ಏಳ್ಬುಡಿ, ಅವತ್ತು ರಜ ಆಕ್ತೀನಿ." ಇಬ್ಬರೂ ನಕ್ಕೆವು. ಅವರು ರಜೆ ಹಾಕಿದರೆ ಆ ಜಾಗದಲ್ಲಿ ಇನ್ನೊಬ್ಬರು ನಿಲ್ಲಬೇಕಾಗುತ್ತದೆ ಎಂಬುದು ಈ ಬುದ್ಧಿವಂತೆಗೆ ಹೊಳೆದದ್ದು ಬಸ್ಸು ಮದ್ದೂರು ದಾಟಿದ ಮೇಲೆ.

ನಾನು ಅತಿಯಾಗಿ ಹೆದರುತ್ತಿರಬಹುದು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ಸಿನಿಂದ ಇಳಿದು ಮನೆಗೆ ಓಡಿದವಳು ನಾನು. ನನ್ನ ಲೆಕ್ಕವನ್ನು ಬೇರೆಯವರಿಂದ ಪರೀಕ್ಷೆ ಮಾಡಿಸಿ. ತಪ್ಪಿದ್ದರೆ ಸಂತೋಷದಿಂದ ತಲೆ ತಗ್ಗಿಸುತ್ತೇನೆ. ಅಲ್ಲಿಯವರೆಗೆ ಹಬೆ ಬಿಡಬೇಡಿ. ಆ ಜೋಡಣೆ ಕತ್ತರಿಸಿ, ಎರಡೂ ಪೈಪುಗಳನ್ನು ಬೇರೆಬೇರೆಯಾಗಿಯೇ ನೀರು ಸೇರುವ ತೊಟ್ಟಿಗೆ ಒಯ್ಯಿರಿ. ಅಂದ ಬೇಕಿದ್ದರೆ ಮುಂದೊಂದು ಪರದೆ ಕಟ್ಟಿಸಿ, ಬಣ್ಣ ನಿಮ್ಮಿಷ್ಟದ್ದೇ ಆಗಲಿ. ಇದ್ಯಾವುದೂ ಆಗದು, ಹೀಗೆಯೇ ಶುರುಮಾಡುತ್ತೇವೆ ಎನ್ನುವುದಾದರೆ, ಆ ದಿನ ವಾಲ್ವಿನ ಪಕ್ಕದಲ್ಲಿ ನಿಲ್ಲುವವರು ಯಾರೆಂದು ಮೊದಲು ತೀರ್ಮಾನಿಸಿ. ನಕ್ಷೆಯಲ್ಲಿ ನನ್ನ ಸಹಿಗೆಂದು ಬಿಟ್ಟ ಜಾಗದಲ್ಲಿ ಅವರ ಹೆಸರು ಬರೆಯಿರಿ.

ಇಂತಿ,
ಮುಂದಿನ ಕೆಲಸಕ್ಕೆ ನೀವು ಕರೆಯಲಾರಿರೆಂದು ಬಲ್ಲ
ಶೋಭಾರಾಣಿ, ಕೆರಗೋಡು